ನಲವತ್ತೊಂದು ಅರ್ಜಿ, ಒಂದು ಗುಳೆ ವಹಿ: ಸಣ್ಣ ಯುವ ಸಂಸ್ಥೆಯೊಂದು ಅನುದಾನ ಹುಡುಕಿದ ಪ್ರಕರಣ

ಈ ಪ್ರಕರಣದ ಸಂಸ್ಥೆ ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಊರಿನದು. ಹೆಸರು ಹೇಳುವುದಿಲ್ಲ. ಗುರುತು ಹತ್ತದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ. ಒಳಗಿನವರನ್ನು ಮಾಸ್ತರು, ಕಾರ್ಯದರ್ಶಿ, ಖಜಾಂಚಿ ಎಂದಷ್ಟೇ ಕರೆಯುತ್ತೇನೆ. ನಾನು ಹುಬ್ಬಳ್ಳಿಯಲ್ಲಿ ಸಣ್ಣ ಸಂಘ-ಸಂಸ್ಥೆಗಳ ಲೆಕ್ಕಪತ್ರ ನೋಡುವವನು. 2021ರಿಂದ ಇವರ ಜೊತೆ ಇದ್ದೇನೆ. ಹಾಗಾಗಿ ಇಲ್ಲಿ ಬರುವ ತಪ್ಪುಗಳಲ್ಲಿ ಕೆಲವು ನನ್ನವೇ.

ಹಿನ್ನೆಲೆ

ಮಾಸ್ತರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ ಹುಡುಗ-ಹುಡುಗಿಯರು ಅದೇ ವರ್ಷ ಮನೆಯವರ ಜೊತೆ ಗುಳೆ ಹೋಗುವುದನ್ನು ಮೂವತ್ತು ವರ್ಷ ನೋಡಿದ್ದರು. ಬೆಂಗಳೂರು, ಮಂಗಳೂರು, ಗೋವಾ. ಕಟ್ಟಡದ ಕೆಲಸ, ಶೆಡ್ಡಿನ ವಾಸ. ಒಮ್ಮೆ ಹೋದವರು ಮತ್ತೆ ಪುಸ್ತಕ ಹಿಡಿಯುವುದು ಅಪರೂಪ. 2017ರಲ್ಲಿ ಐದು ಜನ ಸೇರಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸಿದರು. ಒಂದು ಗುಡಿಯ ಸಮುದಾಯ ಭವನದಲ್ಲೂ ಪಕ್ಕದ ಹಳ್ಳಿಯ ಪಂಚಾಯಿತಿ ಗ್ರಂಥಾಲಯದಲ್ಲೂ ಸಂಜೆ 6ರಿಂದ 9ರ ತನಕ ತರಗತಿ ಶುರುವಾಯಿತು. ಓದುವುದು, ಮರುಪರೀಕ್ಷೆ ಬರೆಯುವುದು, ನಡುವೆ ಒಂದು ತಾಸು ಕಬಡ್ಡಿ. ಕಬಡ್ಡಿ ಇಲ್ಲದಿದ್ದರೆ ಹುಡುಗರು ಬರುತ್ತಿರಲಿಲ್ಲ ಎಂದು ಮಾಸ್ತರು ಈಗಲೂ ಹೇಳುತ್ತಾರೆ.

ಕಾರ್ಯದರ್ಶಿ ಅದೇ ಕೇಂದ್ರದಲ್ಲಿ ಓದಿ ಡಿಗ್ರಿ ಮುಗಿಸಿದ ಹುಡುಗಿ. ಖಜಾಂಚಿಯವರದು ಎಪಿಎಂಸಿ ಪಕ್ಕದಲ್ಲಿ ಗೊಬ್ಬರದಂಗಡಿ. ಮೊದಲ ಮೂರು ವರ್ಷ ಖರ್ಚಿನ ಬಹುಪಾಲು ಮಾಸ್ತರ ಪಿಂಚಣಿಯಿಂದ, ಉಳಿದದ್ದು ಖಜಾಂಚಿಯ ಗಲ್ಲಾಪೆಟ್ಟಿಗೆಯಿಂದ ಬಂತು. ಎರಡರ ಲೆಕ್ಕವೂ ಸರಿಯಾಗಿ ಬರೆದಿಟ್ಟಿರಲಿಲ್ಲ. ಕೊರೊನಾ ಬಂದು ಅಂಗಡಿಯ ವ್ಯಾಪಾರ ಕುಸಿಯಿತು, ಮಾಸ್ತರ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂತು. ಇಬ್ಬರು ಬೋಧಕರಿಗೆ ಐದು ತಿಂಗಳು ಸಂಬಳವಾಗಲಿಲ್ಲ. ಅವರಿಗೆ ಸಿಗುತ್ತಿದ್ದದ್ದೇ ತಿಂಗಳಿಗೆ 9,000.

ನನ್ನ ಹತ್ತಿರ ಬಂದಾಗ ಖಜಾಂಚಿ ಕೇಳಿದ್ದು ಒಂದೇ ಪ್ರಶ್ನೆ: "ಸರ, ಇಂಥಾ ಕೆಲಸಕ್ಕ ರೊಕ್ಕ ಕೊಡೋರು ಅದಾರಂತ. ಎಲ್ಲಿ ಅದಾರ?"

ಕಾಗದ ಮೊದಲು, ಅರ್ಜಿ ಆಮೇಲೆ. ನಾವು ಮಾಡಿದ್ದು ಉಲ್ಟಾ

ನಾನು ಆಗ ಮಾಡಬೇಕಾಗಿದ್ದದ್ದು ಅವರ ವರ್ಷದ ಖರ್ಚು ಎಷ್ಟು ಎಂದು ಕೇಳುವುದು. ಅದರ ಬದಲು ದಾನಿ ಸಂಸ್ಥೆಗಳ ಒಂದು ಪಟ್ಟಿ ಕೊಟ್ಟೆ. ನಲವತ್ತೊಂದು ಹೆಸರು. ಪ್ರತಿಷ್ಠಾನಗಳು, ಕಂಪನಿಗಳು, ಹೊರದೇಶದವು, ಎಲ್ಲ ಒಟ್ಟಿಗೆ. ಕಾರ್ಯದರ್ಶಿ ಯಾರದೋ ಹಳೆಯ ಅರ್ಜಿಯ ಮಾದರಿ ಹುಡುಕಿ, ಹದಿನಾಲ್ಕು ಪುಟದ ಇಂಗ್ಲಿಷ್ ಪ್ರಸ್ತಾವ ತಯಾರಿಸಿ ನಲವತ್ತೊಂದು ಕಡೆಗೂ ಕಳಿಸಿದಳು. ಅದರಲ್ಲಿದ್ದ ಅರ್ಧ ಪದಗಳ ಅರ್ಥ ತನಗೇ ಗೊತ್ತಿರಲಿಲ್ಲ ಎಂದು ಎರಡು ವರ್ಷದ ಮೇಲೆ ನಗುತ್ತ ಒಪ್ಪಿಕೊಂಡಳು. ಉತ್ತರ ಬಂದದ್ದು ಆರು. ಆರೂ 'ಇಲ್ಲ'.

ಆ ಆರು ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತ ದಿನವೇ ಕೆಲಸ ನಿಜವಾಗಿ ಶುರುವಾಯಿತು. ಮೂವರು ಕೇಳಿದ್ದು ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ. ಮೊದಲನೆಯದು ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿಗಾಗಿ, ಎರಡನೆಯದು ದಾನಿಗೆ ತೆರಿಗೆ ವಿನಾಯಿತಿ ಸಿಗಲೆಂದು. ಇವರ ಹತ್ತಿರ ಟ್ರಸ್ಟ್ ಡೀಡ್ ಮತ್ತು ಪ್ಯಾನ್ ಬಿಟ್ಟರೆ ಏನೂ ಇರಲಿಲ್ಲ. ಇಬ್ಬರು ಮೂರು ವರ್ಷದ ಆಡಿಟ್ ವರದಿ ಕೇಳಿದ್ದರು. ಒಬ್ಬರು ಮಾತ್ರ ಕೆಲಸದ ಬಗ್ಗೆ ಕೇಳಿದ್ದರು: ನಿಮ್ಮ ಬಜೆಟ್ಟಿನಲ್ಲಿ ಬೋಧಕರ ಸಂಬಳವೇ ಕಾಣುತ್ತಿಲ್ಲ, ಹಾಗಾದರೆ ಪಾಠ ಹೇಳುವವರು ಯಾರು?

ಸಂಬಳ ಬರೆದಿರಲಿಲ್ಲ, ನಿಜ. ಸಂಬಳಕ್ಕೆ ಯಾರೂ ದುಡ್ಡು ಕೊಡುವುದಿಲ್ಲ ಎಂದು ಯಾರೋ ಹೇಳಿದ್ದರು. ಅದಕ್ಕೆ ಟ್ಯಾಬ್, ಪ್ರೊಜೆಕ್ಟರ್, ಬ್ಯಾನರು ಬರೆದಿದ್ದರು. ಸಿಎಸ್‌ಆರ್‌ನಲ್ಲಿ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಯೆಂದು ಕಾಯ್ದೆಯಂತೆ ಮಾಡುವ ಖರ್ಚಿನಲ್ಲಿ, ಆಡಳಿತ ವೆಚ್ಚ ಶೇ 5 ಮೀರುವಂತಿಲ್ಲ ಎಂಬ ಮಾತೂ ಅವರ ಕಿವಿಗೆ ಬಿದ್ದಿತ್ತು. ಆ ಶೇ 5ರ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ ಸಂಬಂಧಿಸಿದ್ದು. ಹಳ್ಳಿಯಲ್ಲಿ ಪಾಠ ಹೇಳುವವರ ಸಂಬಳ ಯೋಜನೆಯದೇ ಖರ್ಚು. ಈ ಗೊಂದಲ ದಾನಿಗಳ ಪಾಳಯದಲ್ಲೂ ಇದೆ, ಹಾಗಾಗಿ ಇವರನ್ನಷ್ಟೇ ದೂರಲಾರೆ.

ವರ್ಷದ ನಿಜವಾದ ಖರ್ಚನ್ನು ಅಂದು ಮೊದಲ ಸಲ ಬರೆದೆವು. ಇಬ್ಬರ ಸಂಬಳ 2,16,000. ಚಹಾ, ಮಂಡಕ್ಕಿ 36,000. ಪುಸ್ತಕ-ನೋಟ್‌ಬುಕ್ 24,000. ಕರೆಂಟು 9,600. ಓಡಾಟ 12,000, ಆಡಿಟ್ ಮತ್ತು ಫೈಲಿಂಗ್ 12,000. ಒಟ್ಟು 3,09,600 ರೂಪಾಯಿ. ಮಾಸ್ತರು ಆ ಹಾಳೆಯನ್ನು ಎರಡು ಸಲ ಓದಿ, "ಇಷ್ಟ ಏನು?" ಎಂದರು. ಹದಿನಾಲ್ಕು ಪುಟದ ಪ್ರಸ್ತಾವದಲ್ಲಿ ಅವರು ಕೇಳಿದ್ದು 25 ಲಕ್ಷ.

2021-22ರಲ್ಲಿ ಕಾಗದದ ಕೆಲಸ ಮುಗಿಸಿದೆವು. ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ 10ಎ ನಮೂನೆಯ ಅರ್ಜಿ ಹಾಕಿ 12ಎಬಿ (12ಎ ಬದಲಿಗೆ ಬಂದದ್ದು) ಮತ್ತು 80ಜಿ ಎರಡಕ್ಕೂ ತಾತ್ಕಾಲಿಕ ನೋಂದಣಿ ಪಡೆದೆವು. ನೀತಿ ಆಯೋಗದ ಎನ್‌ಜಿಒ ದರ್ಪಣ್‌ನಲ್ಲಿ ನಂಬರು, ಆಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ. 2021ರ ಏಪ್ರಿಲ್ 1ರಿಂದ ಈ ಸಿಎಸ್‌ಆರ್-1 ನಂಬರು ಇಲ್ಲದ ಸಂಸ್ಥೆಯ ಮೂಲಕ ಯಾವ ಕಂಪನಿಯೂ ಸಿಎಸ್‌ಆರ್ ಹಣ ಖರ್ಚು ಮಾಡುವಂತಿಲ್ಲ. ನಮ್ಮ ನಲವತ್ತೊಂದು ಅರ್ಜಿಗಳಲ್ಲಿ ಹತ್ತೊಂಬತ್ತು ಕಂಪನಿಗಳಿಗೆ ಹೋದವು. ಒಂದಕ್ಕೂ ಅರ್ಹತೆಯೇ ಇರಲಿಲ್ಲ. ಇದನ್ನು ನೋಡಿ ಹೇಳಬೇಕಾಗಿದ್ದವನು ನಾನು.

ನಡುವೆ ಬಂದ ಮೂರು ದಾರಿ

ಮೊದಲನೆಯದು ದಲ್ಲಾಳಿಯ ದಾರಿ. ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ, ಕೋಟಿ ರೂಪಾಯಿ ಸಿಎಸ್‌ಆರ್ ಕೊಡಿಸುತ್ತೇನೆ, ಫೈಲ್ ಚಾರ್ಜ್ 15,000 ಎಂದರು. ಖಜಾಂಚಿ ನನಗೂ ಹೇಳದೆ ಸ್ವಂತ ಜೇಬಿನಿಂದ ಕಳಿಸಿದರು. ಎರಡನೇ ಫೋನಿನಲ್ಲಿ ಷರತ್ತು ಹೊರಬಂತು: ಹಣ ಖಾತೆಗೆ ಬಿದ್ದ ಮೇಲೆ ಶೇ 40ರಷ್ಟನ್ನು ನಗದಾಗಿ ವಾಪಸ್ ಕೊಡಬೇಕು, ಬಿಲ್ಲು ಅವರೇ ಹೊಂದಿಸಿಕೊಡುತ್ತಾರೆ. ಖಜಾಂಚಿ ಫೋನಿಟ್ಟರು. 15,000 ಹೋಯಿತು. ನನ್ನ ಕೆಲಸದಲ್ಲಿ ಈ ಕರೆಯ ಬಗ್ಗೆ ವರ್ಷಕ್ಕೆ ಮೂರ್ನಾಲ್ಕು ಸಂಸ್ಥೆಯವರಾದರೂ ಹೇಳುತ್ತಾರೆ. ಹಣ ಕೊಡುವವನು ಅರ್ಜಿಗೆ ಮುಂಗಡ ಕೇಳುವುದಿಲ್ಲ ಎಂದು ಅವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಇವರಿಗೆ ಹೇಳಲು ಮಾತ್ರ ತಡವಾಗಿತ್ತು.

ಎರಡನೆಯದು ಅಮೆರಿಕದ ದಾರಿ. ಊರಿನ ಮೂವರು ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು, ಮೂವರೂ ಮಾಸ್ತರ ಶಿಷ್ಯರು. ತಲಾ ಒಂದೊಂದು ಸಾವಿರ ಡಾಲರ್ ಕಳಿಸುತ್ತೇವೆ ಎಂದರು. ಎಲ್ಲರಿಗೂ ಖುಷಿ. ನಾನು ಮೂವರ ಪಾಸ್‌ಪೋರ್ಟಿನ ಪ್ರತಿ ಕೇಳಿದೆ. ಮಾಸ್ತರಿಗೆ ಅದು ಅವಮಾನ ಎನಿಸಿತು.

ಕೇಳಲು ಕಾರಣವಿತ್ತು. ಹೊರದೇಶದಲ್ಲಿದ್ದರೂ ಭಾರತದ ಪೌರನೇ ಆಗಿರುವವನು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ಹೊರದೇಶದ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ದೇಣಿಗೆ ಅಲ್ಲ. ಅವನು ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಕೈಯಲ್ಲಿದ್ದರೂ, ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಎಫ್‌ಸಿಆರ್‌ಎ ನೋಂದಣಿ ಬೇಕು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ವರ್ಷಕ್ಕೆ ಮೂರು ಲಕ್ಷದ ಸಂಸ್ಥೆ ಅಲ್ಲಿಗೆ ಮುಟ್ಟುವುದಿಲ್ಲ. ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆಯಿಂದ ಪಾಲು ಪಡೆಯುವ ದಾರಿಯೂ 2020ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಮುಚ್ಚಿತು.

ಮೂವರಲ್ಲಿ ಒಬ್ಬ ಹಿಂದಿನ ವರ್ಷವಷ್ಟೇ ಅಮೆರಿಕದ ಪೌರನಾಗಿದ್ದ. ಖಜಾಂಚಿ ನನ್ನ ಮೇಲೆ ಸಿಟ್ಟಾದರು: "ಅಲ್ರೀ, ಮನಿ ಬಾಗಲಿಗೆ ಬಂದ ಲಕ್ಷ್ಮೀನ ಹೊರಗ ನಿಂದರ್ ಅಂತೀರಿ?" ಅವನ ಅಣ್ಣ ಇಲ್ಲೇ ಇದ್ದಾನೆ, ಅವನ ಖಾತೆಗೆ ಹಾಕಿಸಿ ಅಲ್ಲಿಂದ ತೆಗೆದುಕೊಂಡರಾಯಿತು ಎಂಬ ಸಲಹೆಯೂ ಬಂತು. ಅದು ಕಾನೂನಿನ ಕಣ್ಣು ತಪ್ಪಿಸುವ ಕೆಲಸ, ಬೇಡ ಎಂದೆ. ಸಭೆಯಲ್ಲಿ ಮತ ಎಣಿಸುವ ಮಟ್ಟಕ್ಕೆ ಹೋಯಿತು. ಮೂರು-ಎರಡು. ಬೇಡ ಎಂದವರು ಗೆದ್ದರು. ಉಳಿದ ಇಬ್ಬರ ಹಣ ಪಾಸ್‌ಪೋರ್ಟ್ ಪ್ರತಿಯೊಂದಿಗೆ ಬಂದು ಸೇರಿತು.

ಬೇಡ ಎನಿಸಿಕೊಂಡ ಹುಡುಗ ಆ ವರ್ಷ ಜಾತ್ರೆಗೆ ಬಂದವನು ಸೀದಾ ಕೇಂದ್ರಕ್ಕೆ ಬಂದ. "ರೊಕ್ಕ ತಗೊಳ್ಳಂಗಿಲ್ಲ ಅಂದ್ರಿ. ಗಣಿತ ಹೇಳಿಕೊಟ್ರ ತಗೋತೀರಿಲ್ಲೋ?" ಈಗ ವಾರಕ್ಕೆರಡು ದಿನ, ಅವನ ಬೆಳಿಗ್ಗೆ, ಇವರ ಸಂಜೆ, ಮೊಬೈಲ್ ಪರದೆಯ ಮೇಲೆ ಪಾಠ ನಡೆಯುತ್ತದೆ. ನಪಾಸಾದವರಲ್ಲಿ ಹೆಚ್ಚಿನವರು ನಪಾಸಾದದ್ದು ಗಣಿತದಲ್ಲೇ.

ಮೂರನೆಯದು ಊರೊಳಗಿನ ದಾರಿ. ಇದನ್ನು ಯಾರೂ ಅನುದಾನ ಎಂದು ಎಣಿಸಿರಲಿಲ್ಲ. ಗಣಪತಿ ಹಬ್ಬಕ್ಕೆ ದಲಾಲಿ ಅಂಗಡಿಗಳವರು ಐದು, ಹತ್ತು ಸಾವಿರ ಬರೆಸುತ್ತಾರೆ. ಅವರ ಬಳಿ ಹೋದಾಗ ನೋಟು ತೆಗೆದು ಕೊಟ್ಟರು, "ರಸೀದಿ ಬ್ಯಾಡ ಬಿಡ್ರಿ" ಎಂದರು. ಕಾರ್ಯದರ್ಶಿ ಹಟ ಹಿಡಿದಳು: ರಸೀದಿ ಇಲ್ಲದ ಒಂದು ರೂಪಾಯಿಯೂ ಬೇಡ. ನಗದಾಗಿ 2,000 ಮೀರಿ ಕೊಟ್ಟರೆ 80ಜಿ ವಿನಾಯಿತಿ ಸಿಗುವುದಿಲ್ಲ, ಕ್ಯೂಆರ್‌ಗೆ ಹಾಕಿ ಎಂದು ಅಂಗಡಿ ಅಂಗಡಿಗೆ ಹೇಳಿಕೊಂಡು ತಿರುಗಿದಳು. ಕೆಲವರು ಕೊಡುವುದನ್ನೇ ಬಿಟ್ಟರು. ಅಂಗಡಿಯವರಿಗಿಂತ ಹೆಚ್ಚು ಕೈಹಿಡಿದವರು ಹಳೆಯ ವಿದ್ಯಾರ್ಥಿಗಳು: ಬಸ್ ಕಂಡಕ್ಟರ್, ನರ್ಸ್, ಗಾರ್ಮೆಂಟ್ಸ್‌ನಲ್ಲಿರುವ ಇಬ್ಬರು ಹುಡುಗಿಯರು, ಒಬ್ಬ ಪೊಲೀಸ್ ಪೇದೆ. ತಿಂಗಳಿಗೆ 200 ರೂಪಾಯಿ. 2022ರ ಕೊನೆಗೆ 61 ಜನ ಆಗಿದ್ದರು. ತಿಂಗಳಿಗೆ 12,200, ವರ್ಷಕ್ಕೆ 1,46,400. ಖರ್ಚಿನ ಅರ್ಧಕ್ಕೆ ಸ್ವಲ್ಪ ಕಡಿಮೆ.

ಇದರ ತಲೆನೋವೂ ಸಣ್ಣದಲ್ಲ. 80ಜಿ ಇರುವ ಸಂಸ್ಥೆ ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಮುಂದಿನ ಮೇ 31ರೊಳಗೆ ಸಲ್ಲಿಸಬೇಕಿತ್ತು, ಪ್ರತಿಯೊಬ್ಬರ ಪ್ಯಾನ್ ಅಥವಾ ಆಧಾರ್‌ನಂಥ ಗುರುತಿನ ಸಂಖ್ಯೆ ಬೇಕಿತ್ತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕವಿತ್ತು. 200 ರೂಪಾಯಿ ಕೊಡುವ ಕಂಡಕ್ಟರನಿಗೆ ಪ್ಯಾನ್ ಕೇಳಿ ಫೋನ್ ಮಾಡುವುದರಲ್ಲಿ ಕಾರ್ಯದರ್ಶಿಯ ಇಡೀ ಮೇ ತಿಂಗಳು ಹೋಯಿತು.

ಹದಿನೆಂಟು ಲಕ್ಷ

2023ರ ಫೆಬ್ರುವರಿ ಕೊನೆಯ ವಾರ ಒಂದು ಕಂಪನಿಯಿಂದ ಫೋನ್ ಬಂತು. 18 ಲಕ್ಷ ಕೊಡುತ್ತೇವೆ, 300 ಯುವಜನರಿಗೆ ಡಿಜಿಟಲ್ ಕೌಶಲ ತರಬೇತಿ, ಪ್ರಮಾಣಪತ್ರ, ಫೋಟೊ. ಮಾರ್ಚ್ 31ರೊಳಗೆ ಖರ್ಚಾಗಿ ಬಳಕೆ ಪ್ರಮಾಣಪತ್ರ ಕೈಸೇರಬೇಕು.

ಫೆಬ್ರುವರಿ, ಮಾರ್ಚಿನಲ್ಲಿ ಇಂಥ ಫೋನ್ ಬರುವುದಕ್ಕೆ ಕಾರಣ ಕಾಯ್ದೆಯಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ಬಹುವರ್ಷದ ಯೋಜನೆ ಎಂದು ಮೊದಲೇ ಗೊತ್ತುಮಾಡಿದ್ದರೆ ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮೂರು ವರ್ಷದೊಳಗೆ ಬಳಸಬಹುದು. ಇಲ್ಲವಾದರೆ ಆರು ತಿಂಗಳೊಳಗೆ ಸರಕಾರ ಹೇಳಿದ ನಿಧಿಗೆ ಸೇರಿಸಬೇಕು. ಸಂಸ್ಥೆಯ ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಖರ್ಚಾಯಿತು ಎಂದಾಗುವುದಿಲ್ಲ, ಸಂಸ್ಥೆ ಅದನ್ನು ಬಳಸಿರಬೇಕು. ಅದಕ್ಕೇ ಆ ಅವಸರ.

ಮೂರು ಸಭೆ ನಡೆದವು. ಖಜಾಂಚಿಯ ವಾದ ಹಗುರವಾದದ್ದಲ್ಲ. ಆರು ವರ್ಷದ ಖರ್ಚಿನಷ್ಟು ಹಣ. ಒಮ್ಮೆ ಕಂಪನಿಯ ಹೆಸರು ಜೊತೆಗೆ ಬಂದರೆ ಮುಂದಿನ ಬಾಗಿಲು ತೆರೆಯುತ್ತದೆ. ಬೇಡ ಎಂದರೆ ಮತ್ತೆ ಕರೆಯುವುದಿಲ್ಲ. ಬೋಧಕರಲ್ಲೊಬ್ಬಳು ಕೇಳಿದ್ದು ಬೇರೆಯೇ: "ನಮ್ಮ ಹುಡುಗ್ರಿಗೆ ಏಪ್ರಿಲ್‌ದಾಗ ಪರೀಕ್ಷೆ. ಮುನ್ನೂರು ಮಂದೀನ ಎಲ್ಲಿಂದ ತರೋದು, ಇವ್ರನ್ನ ಎಲ್ಲಿ ಬಿಡೋದು?" ಐದು ವಾರದಲ್ಲಿ ಮುನ್ನೂರು ಹೆಸರು ತುಂಬಬೇಕೆಂದರೆ ಕಾಲೇಜಿನ ಹಾಜರಿ ಪುಸ್ತಕದಿಂದ ನಕಲು ಮಾಡಬೇಕಾಗುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಮಾಸ್ತರು ಹೇಳಿದರು.

ಕಂಪನಿಗೆ ಒಂದು ಪುಟದ ಪತ್ರ ಹೋಯಿತು: ಮಾರ್ಚ್ ಒಳಗೆ ಆಗದು, ಜೂನ್‌ನಿಂದ ಮೂರು ವರ್ಷದ ಯೋಜನೆಯಾದರೆ ವರ್ಷಕ್ಕೆ 4.5 ಲಕ್ಷ ಸಾಕು, ಎರಡು ಕೇಂದ್ರ, ವರ್ಷಕ್ಕೆ ನಲವತ್ತರ ಆಸುಪಾಸು ಮಕ್ಕಳು. ಉತ್ತರ ಬರಲಿಲ್ಲ. ನಾನು ಆ ಮೂರೂ ಸಭೆಗಳಲ್ಲಿ ತಟಸ್ಥನಾಗಿದ್ದೆ. ಒಪ್ಪಿಕೊಂಡಿದ್ದರೆ ಲೆಕ್ಕ ಹೊಂದಿಸುವುದು ನನ್ನ ಪಾಲಿಗೆ ಬರುತ್ತಿತ್ತು ಎಂಬುದನ್ನು ನೆನೆದರೆ, ತಟಸ್ಥನಾಗಿರಬಾರದಿತ್ತು ಎನಿಸುತ್ತದೆ.

ಯಾರನ್ನು ಕೇಳಬೇಕು ಎಂಬುದನ್ನು ಹುಡುಕಿದ ರೀತಿ

ಈ ಹೊತ್ತಿಗೆ ಕಾರ್ಯದರ್ಶಿ ನನ್ನ ಪಟ್ಟಿಯನ್ನು ಹರಿದೆಸೆದು ತನ್ನದೇ ಪಟ್ಟಿ ಮಾಡತೊಡಗಿದ್ದಳು. ಅವಳ ವಿಧಾನ ಸರಳ. ಕಂಪನಿಗಳು ಸಿಎಸ್‌ಆರ್ ನೀತಿ, ಸಮಿತಿ ಸದಸ್ಯರು, ಒಪ್ಪಿದ ಯೋಜನೆಗಳನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಹಳೆಯ ವಾರ್ಷಿಕ ವರದಿಗಳ ಸಿಎಸ್‌ಆರ್ ಅನುಬಂಧದಲ್ಲಿ ಯಾವ ಜಿಲ್ಲೆಗೆ ಎಷ್ಟು ಹಣ, ಯಾವ ಸಂಸ್ಥೆಯ ಮೂಲಕ ಎಂಬುದು ಸಾಲುಸಾಲಾಗಿ ಇರುತ್ತಿತ್ತು. ಅವಳು ನೋಡಿದ್ದು ಎರಡೇ: ತಮ್ಮ ಜಿಲ್ಲೆ ಅಥವಾ ಪಕ್ಕದ ಜಿಲ್ಲೆಯ ಹೆಸರಿದೆಯೇ? ಮೂರು-ಐದು ಲಕ್ಷದ ಸಣ್ಣ ಮೊತ್ತವನ್ನು ಎಂದಾದರೂ ಕೊಟ್ಟಿದ್ದಾರೆಯೇ? ಕಾರ್ಖಾನೆ ಇರುವ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ, ಇನ್ನೂರು ಕಿಲೋಮೀಟರ್ ಆಚೆಯ ಕಂಪನಿಯನ್ನು ಬಿಟ್ಟು ಅರವತ್ತು ಕಿಲೋಮೀಟರ್ ಒಳಗಿನದನ್ನು ಹಿಡಿದಳು. ಕೋಟಿಗಳಲ್ಲಿ ಮಾತ್ರ ಕೊಡುವವರನ್ನು ಬಿಟ್ಟಳು. ಅಂಥವರಿಗೆ ಮೂರು ಲಕ್ಷದ ಸಂಸ್ಥೆಯ ಕಾಗದ ನೋಡಲು ತಗಲುವ ವೇಳೆಯೇ ದುಬಾರಿ. ಕುಟುಂಬ ಪ್ರತಿಷ್ಠಾನಗಳನ್ನೂ ಹೀಗೇ ಜರಡಿ ಹಿಡಿದಳು. ಅವು ಸಿಎಸ್‌ಆರ್ ನಿಯಮಕ್ಕೆ ಒಳಪಡದ್ದರಿಂದ ಸಂಬಳಕ್ಕೆ ಹಣ ಕೊಡುವ ಧೈರ್ಯ ಹೆಚ್ಚು. ನಲವತ್ತೊಂದು ಇದ್ದದ್ದು ಒಂಬತ್ತಾಯಿತು.

ಪ್ರಸ್ತಾವವನ್ನೂ ಹೊಸದಾಗಿ ಬರೆದಳು. ಈ ಸಲ ಕನ್ನಡದಲ್ಲಿ, ಮೂರು ಪುಟ. ಊರಿನ ಡಿಗ್ರಿ ಕಾಲೇಜಿನ ಉಪನ್ಯಾಸಕರೊಬ್ಬರು ಅದನ್ನು ಇಂಗ್ಲಿಷಿಗೆ ತಂದರು. ಬೋಧಕರ ಸಂಬಳ ಮೊದಲ ಸಾಲಿನಲ್ಲೇ ಇತ್ತು.

ಒಂಬತ್ತರಲ್ಲಿ ಇಬ್ಬರು ಉತ್ತರಿಸಿದರು. ಬೆಂಗಳೂರಿನ ಒಂದು ಕುಟುಂಬ ಪ್ರತಿಷ್ಠಾನದವರು 2023ರ ನವೆಂಬರಿನಲ್ಲಿ ನೋಡಲು ಬಂದರು.

ಆ ದಿನ ಏನೂ ಸರಿ ಹೋಗಲಿಲ್ಲ. ಬರಗಾಲದ ವರ್ಷ. ಸರಕಾರ ಆಗಲೇ ಬರಪೀಡಿತ ತಾಲ್ಲೂಕುಗಳನ್ನು ಘೋಷಿಸಿತ್ತು, ಗುಳೆ ಬೇಗ ಶುರುವಾಗಿತ್ತು. ಹಾಜರಿಯಲ್ಲಿ ಮೂವತ್ತನಾಲ್ಕು ಹೆಸರು, ಎದುರಿಗೆ ಕೂತವರು ಹನ್ನೊಂದು. ಏಳು ಗಂಟೆಗೆ ಕರೆಂಟು ಹೋಯಿತು. ಖಜಾಂಚಿ ಪಕ್ಕದ ಟ್ಯೂಷನ್ನಿನ ಹುಡುಗರನ್ನು ಕರೆತಂದು ಕೂರಿಸೋಣವೇ ಎಂದು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು. ಕಾರ್ಯದರ್ಶಿ ಬೇಡ ಎಂದು ತಲೆಯಾಡಿಸಿ, ಬಂದವರ ಮುಂದೆ ಒಂದು ಪುಸ್ತಕ ಇಟ್ಟಳು.

ಅದು ಗೊಬ್ಬರದಂಗಡಿಯಿಂದ ತಂದ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ. ಮಾಸ್ತರು ಅದಕ್ಕೆ ಗುಳೆ ವಹಿ ಎಂದು ಹೆಸರಿಟ್ಟಿದ್ದರು. ಶಾಲೆಯಲ್ಲಿ ಗೈರುಹಾಜರಿಗೆ ಕಾರಣ ಬರೆಯುವ ಅಭ್ಯಾಸ ಅವರದು, ಇಲ್ಲೂ ಮುಂದುವರಿಸಿದ್ದರು. ಕೇಂದ್ರ ಬಿಟ್ಟ ಪ್ರತಿ ಮಗುವಿನ ಹೆಸರು, ದಿನಾಂಕ, ಎಲ್ಲಿಗೆ, ಯಾರ ಜೊತೆ, ಏನು ಕೆಲಸ, ಮುಂಗಡ ಎಷ್ಟು. 'ಯಲಹಂಕ, ಸೆಂಟ್ರಿಂಗ್. ಮುಂಗಡ 20,000 ಅಪ್ಪ ತಗೊಂಡಾನ.' 'ಮಂಗಳೂರು. ತಮ್ಮನ್ನ ನೋಡಿಕೊಳ್ಳಾಕ.' 'ಮದುವಿ.' 2017ರಿಂದ ಒಂದು ವರ್ಷವೂ ಬಿಟ್ಟಿರಲಿಲ್ಲ. ಎಲ್ಲ ಅರ್ಜಿಗಳಲ್ಲಿ ನಾವು ಮುಚ್ಚಿಟ್ಟಿದ್ದು ಇದನ್ನೇ. ಬಿಟ್ಟುಹೋದವರ ಪಟ್ಟಿ ತೋರಿಸಿದರೆ ಯಾರು ದುಡ್ಡು ಕೊಡುತ್ತಾರೆ?

ಬಂದಿದ್ದ ಹೆಣ್ಣುಮಗಳು ಮೊಬೈಲ್ ಟಾರ್ಚ್ ಹಿಡಿದು ಮುಕ್ಕಾಲು ತಾಸು ಆ ವಹಿಯನ್ನೇ ಓದಿದರು. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಅದರದ್ದೇ: ಮುಂಗಡ ಯಾವ ತಿಂಗಳಲ್ಲಿ ಕೊಡುತ್ತಾರೆ? ಅದಕ್ಕೂ ಮುಂಚೆ ನೀವು ಮನೆಗೆ ಹೋಗುತ್ತೀರಾ? ಹೋದವರ ಫೋನ್ ನಂಬರು ಇದೆಯೇ? ಟ್ಯಾಬ್ ಬಗ್ಗೆ ಒಂದು ಮಾತೂ ಬರಲಿಲ್ಲ.

ಗೆದ್ದ ಮೇಲೆ ಕಾದ ಮೂರು ತಿಂಗಳು

ಡಿಸೆಂಬರಿನಲ್ಲಿ ಒಪ್ಪಿಗೆ ಬಂತು. 2024ರ ಏಪ್ರಿಲಿನಿಂದ ಎರಡು ವರ್ಷ, ವರ್ಷಕ್ಕೆ 4.2 ಲಕ್ಷ. ಬೋಧಕರ ಸಂಬಳ 13,000ಕ್ಕೆ ಏರಿಸಿ 3,12,000, ಅರೆಕಾಲಿಕ ಲೆಕ್ಕಿಗನಿಗೆ 48,000, ಪುಸ್ತಕ ಮತ್ತು ಮನೆಭೇಟಿಯ ಓಡಾಟಕ್ಕೆ 60,000. ಚಹಾ, ಕರೆಂಟು, ಆಡಿಟ್ಟಿನ ಖರ್ಚು ಊರಿನ ಹಣದಿಂದಲೇ ನಡೆಯಬೇಕು ಎಂದು ಅವರೇ ಸೂಚಿಸಿದರು.

ಒಪ್ಪಂದಕ್ಕೆ ಕಾಗದ ಜೋಡಿಸುವಾಗ ನನ್ನ ಎದೆ ಧಸಕ್ಕೆಂದಿತು. 12ಎಬಿ ತಾತ್ಕಾಲಿಕ ನೋಂದಣಿ 2024ರ ಮಾರ್ಚ್‌ವರೆಗೆ ಮಾತ್ರ. ಐದು ವರ್ಷದ ನೋಂದಣಿಗೆ ಅದು ಮುಗಿಯುವ ಆರು ತಿಂಗಳು ಮೊದಲೇ 10ಎಬಿ ನಮೂನೆಯ ಅರ್ಜಿ ಹಾಕಬೇಕಿತ್ತು. ಅಂದರೆ ಗಡುವು ಸೆಪ್ಟೆಂಬರ್ 30ಕ್ಕೆ ಮುಗಿದಿತ್ತು. ಮರೆತವನು ನಾನು. ಪ್ರತಿಷ್ಠಾನಕ್ಕೆ ಇದನ್ನು ಮುಚ್ಚಿಡದೆ ಬರೆದೆವು. ಅವರದು ಸಿಟ್ಟಿಲ್ಲದ, ಆದರೆ ಖಡಕ್ ಉತ್ತರ: ಕಾಗದವಿಲ್ಲದೆ ಹಣವಿಲ್ಲ.

2024ರ ಏಪ್ರಿಲ್ 25ರಂದು ನೇರ ತೆರಿಗೆ ಮಂಡಳಿ ಗಡುವನ್ನು ಜೂನ್ 30ರ ತನಕ ವಿಸ್ತರಿಸಿ ಸುತ್ತೋಲೆ ಹೊರಡಿಸಿತು. ನನ್ನಂಥವರು ದೇಶದ ತುಂಬ ಇದ್ದರು ಎಂದಾಯಿತು. ಜೂನ್‌ನಲ್ಲಿ ಅರ್ಜಿ ಹಾಕಿ ಸ್ವೀಕೃತಿ ತೋರಿಸಿದ ಮೇಲೆ, ಏಪ್ರಿಲ್‌ಗೆ ಬರಬೇಕಿದ್ದ ಮೊದಲ ಕಂತು ಜುಲೈನಲ್ಲಿ ಬಂತು. ಆ ಮೂರು ತಿಂಗಳು ಬೋಧಕರಿಗೆ ಹಳೆಯ ದರದಲ್ಲೇ ಸಂಬಳ, 54,000, ಕೊಟ್ಟದ್ದು ಇನ್ನೂರು ರೂಪಾಯಿಯವರ ಹಣದಿಂದ. ಕಂಡಕ್ಟರನ, ನರ್ಸಿನ, ಪೇದೆಯ ಹಣ. ಅದಿಲ್ಲದಿದ್ದರೆ ಇಬ್ಬರಲ್ಲಿ ಒಬ್ಬಳು ಜೂನ್‌ನಲ್ಲೇ ಖಾಸಗಿ ಶಾಲೆಗೆ ಸೇರಿಬಿಡುತ್ತಿದ್ದಳು. ಅವಳ ಕೈಯಲ್ಲಿ ಆದೇಶಪತ್ರವಿತ್ತು.

ಸೆಪ್ಟೆಂಬರಿನಲ್ಲಿ ಇಲಾಖೆಯಿಂದ ನೋಟಿಸು ಬಂತು: ಚಟುವಟಿಕೆಯ ಪುರಾವೆ, ಬಿಲ್ಲು, ಫೋಟೊ, ದಾನಿಗಳ ವಿವರ, ಏಳು ದಿನದೊಳಗೆ. ದಲಾಲಿ ಅಂಗಡಿಗಳವರನ್ನು ಸಿಟ್ಟಿಗೆಬ್ಬಿಸಿದ್ದ ರಸೀದಿ ಪುಸ್ತಕಗಳು ಅಂದು ಮೂರು ದಿನದಲ್ಲಿ ಸ್ಕ್ಯಾನ್ ಆಗಿ ಹೋದವು. ಡಿಸೆಂಬರಿನಲ್ಲಿ ಐದು ವರ್ಷದ ನೋಂದಣಿ ಆದೇಶ ಬಂತು.

ಈಗ ಎಲ್ಲಿದೆ

2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಶುರುವಾದದ್ದು ಇಂಥ ಕೇಂದ್ರಗಳಿಗೆ ಅನುಕೂಲವಾಯಿತು. 2024-25ರ ತಂಡದಲ್ಲಿ 38 ಜನ ಮರುಪರೀಕ್ಷೆಗೆ ಕೂತರು. ಮೂರೂ ಪರೀಕ್ಷೆ ಸೇರಿ 21 ಜನ ಪಾಸಾದರು. 9 ಜನ ಗುಳೆ ಹೋದರು. 8 ಜನ ಊರಲ್ಲೇ ಇದ್ದಾರೆ, ಪಾಸಾಗಿಲ್ಲ. ವರದಿಯಲ್ಲಿ ಮೂರೂ ಅಂಕಿ ಒಂದೇ ಅಳತೆಯ ಅಕ್ಷರದಲ್ಲಿ ಹೋದವು.

ಎಲ್ಲವೂ ಚೆನ್ನಾಗಿದೆ ಎಂದಲ್ಲ. 61 ಇದ್ದ ತಿಂಗಳ ದಾನಿಗಳು 52ಕ್ಕೆ ಇಳಿದಿದ್ದಾರೆ. ದೊಡ್ಡ ಅನುದಾನ ಬಂದಿದೆಯಲ್ಲ, ಇನ್ನು ನಮ್ಮದೇನು ಎಂದು ಕೆಲವರು ನಿಲ್ಲಿಸಿದರು. ಇದನ್ನು ಮೊದಲೇ ಊಹಿಸಿ ಅವರಿಗೆ ಒಂದು ಪತ್ರ ಬರೆಯಬೇಕಿತ್ತು. ಮಾಸ್ತರಿಗೆ ಎಪ್ಪತ್ತು ದಾಟಿದೆ. 18 ಲಕ್ಷ ಬಿಟ್ಟದ್ದು ಸರಿಯೇ ಎಂಬ ಚರ್ಚೆಯನ್ನು ಖಜಾಂಚಿ ಈಗಲೂ ಬಿಟ್ಟಿಲ್ಲ. ಆ ಹಣದಲ್ಲಿ ಸ್ವಂತ ಕೋಣೆ ಕಟ್ಟಬಹುದಿತ್ತು ಎಂಬುದು ಅವರ ಲೆಕ್ಕ. ಆ ಹಣ ಕೋಣೆಗೆ ಬಂದದ್ದಲ್ಲ ಎಂದು ನಾನು ಪ್ರತಿ ಸಲ ಹೇಳುತ್ತೇನೆ, ಅವರು ಪ್ರತಿ ಸಲ ಚಹಾ ತರಿಸುತ್ತಾರೆ.

ಅನುದಾನದ ಎರಡು ವರ್ಷದ ಅವಧಿ 2026ರ ಮಾರ್ಚ್‌ವರೆಗಿನದು. ಮೂರನೆಯ ಕೇಂದ್ರ ತೆರೆಯುತ್ತೀರಾ ಎಂದು ಪ್ರತಿಷ್ಠಾನದವರು ಕೇಳಿದ್ದಾರೆ. ಕಾರ್ಯದರ್ಶಿ ಇನ್ನೂ ಉತ್ತರ ಬರೆದಿಲ್ಲ. ಗುಳೆ ವಹಿಯಲ್ಲಿ ಅವಳು ಈ ವರ್ಷ ಒಂದು ಹೊಸ ಕಲಂ ಗೆರೆ ಎಳೆದಿದ್ದಾಳೆ: ಫೋನ್ ನಂಬರು. ಹೋದ ಒಂಬತ್ತರಲ್ಲಿ ನಾಲ್ವರು ಬೆಂಗಳೂರಿನ ಶೆಡ್ಡಿನಿಂದಲೇ ಸಂಜೆಯ ಗಣಿತ ಪಾಠಕ್ಕೆ ಮೊಬೈಲಿನಲ್ಲಿ ಸೇರುತ್ತಾರೆ. ಪರೀಕ್ಷೆಯ ವಾರ ಅವರನ್ನು ಊರಿಗೆ ಕರೆತಂದು, ಹೋದ ಕೂಲಿಯ ಬದಲು ಏನಾದರೂ ಕೊಟ್ಟು, ಮತ್ತೆ ಬಸ್ಸು ಹತ್ತಿಸಲು 46,000 ಬೇಕೆಂದು ಲೆಕ್ಕ ಹಾಕಿದ್ದಾಳೆ. ಅದನ್ನು ಪ್ರತಿಷ್ಠಾನವನ್ನು ಕೇಳಬೇಕೋ, ಆ ಐವತ್ತೆರಡು ಜನರನ್ನು ಕೇಳಬೇಕೋ ಎಂಬುದು ಬರುವ ಭಾನುವಾರದ ಸಭೆಯ ಮೊದಲ ವಿಷಯ.